ಟಿಶ್ಯೂ ಅಂದರೆ ಬಾಳೆಯಲ್ಲ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷದ ಮಾತು. ಆಗ ನಾನು ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ದೊಡ್ಡ ಹುದ್ದೆಯೆಂದು ಯಾರೂ ತಿಳಿಯಬೇಕಾಗಿಲ್ಲ. ವಿಭಾಗದಲ್ಲಿ ಇದ್ದ ವೈದ್ಯರು ಇಬ್ಬರೇ, ಇನ್ನೊಬ್ಬಾಕೆ ಹೆರಿಗೆ ರಜೆಯಲ್ಲಿದ್ದಳು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗೆ ಸಿಕ್ಕವರು, ಹಂಪಿ ನೋಡಲು ಬಂದು ಬಿಸಿಲಿಗೆ ಬಿದ್ದವರು ಕೆಳಗಿನ ಮಹಡಿಗೆ ಹೋಗುತ್ತಿದ್ದರು. ಮೇಲಿನ ಮಹಡಿ ಪೂರ್ತಿ ಹೆಂಗಸರದು, ಅಲ್ಲಿ ನನ್ನದೇ ಕಾರುಬಾರು.

ನನ್ನ ಸ್ವಭಾವದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕಠಿಣ ಆಪರೇಷನ್ನಿನ ಹಿಂದಿನ ದಿನ ನನ್ನಂಥ ಸಿಡುಕಿ ಮೂರು ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಕಾಫಿಗೆ ಸಕ್ಕರೆ ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ. ಅದು ಕೋಪವಲ್ಲ, ಭಯ ಎಂದು ನನಗೆ ಗೊತ್ತು. ಗಾದಿಗನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಹಿರಿಯ ಸಿಸ್ಟರ್ ಹುಲಿಗೆಮ್ಮನಿಗೂ ಗೊತ್ತಿತ್ತು. ಹೊಸಬರಿಗೆ ಆಕೆ, "ಇವತ್ತು ಮ್ಯಾಡಂ ಹತ್ರ ಹೋಗಬ್ಯಾಡ್ರಿ, ನಾಳಿ ದೊಡ್ಡ ಕೇಸ್ ಐತಿ" ಎಂದು ಎಚ್ಚರಿಸುತ್ತಿದ್ದಳು.

ಆ ವರ್ಷ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ ಕೇಸು ಗಿರಿಜಾಳದು. ತವರು ಮಲಪನಗುಡಿ, ಗಂಡನ ಮನೆ ಕಂಪ್ಲಿ. ಗಂಡ ವೀರೇಶ ತಂದೆಯಿಂದ ಬಂದ ರೈಸ್ ಮಿಲ್ ನಡೆಸುತ್ತಿದ್ದ. ಕಾಲುವೆ ನೀರಿನ ಜಮೀನೂ ಇತ್ತು. ಊರಿಗೆ ಹಳಬರಾದ ಶೈವ ಮನೆತನ, ದಿನವೂ ಪೂಜೆಯಾಗದೆ ನೀರು ಮುಟ್ಟದ ಅತ್ತೆ ಶಂಕ್ರಮ್ಮ. ಮದುವೆಯಾದ ಎರಡನೇ ವರ್ಷ ಗಿರಿಜಾ ಬಸುರಿಯಾಗಿ, ಐದನೇ ತಿಂಗಳಲ್ಲಿ ಗರ್ಭ ಇಳಿದುಹೋಯಿತು. ಮಾಸು, ಅಂದರೆ ಪ್ಲಾಸೆಂಟಾ, ಅದರ ಒಂದು ಚೂರು ಒಳಗೇ ಉಳಿದು ರಕ್ತಸ್ರಾವ ನಿಲ್ಲಲಿಲ್ಲ. ಬೇರೊಂದು ಊರಿನಲ್ಲಿ ಎರಡು ಸಲ ಗರ್ಭಕೋಶ ಸ್ವಚ್ಛ ಮಾಡಿದರು. ಜೀವ ಉಳಿಸಲು ಮಾಡಲೇಬೇಕಾಗಿದ್ದ ಕೆಲಸ ಅದು, ಮಾಡಿದವರನ್ನು ನಾನು ದೂರುವುದಿಲ್ಲ. ಆದರೆ ಆಮೇಲೆ ಅವಳು ಮುಟ್ಟಾಗಲೇ ಇಲ್ಲ.

ಗರ್ಭಕೋಶದ ಒಳಗೆ ತಿಂಗಳು ತಿಂಗಳು ಬೆಳೆದು ಉದುರುವ ಒಂದು ಪದರವಿದೆ. ಮಗು ಬೇರೂರುವುದು ಅದರಲ್ಲೇ. ಆ ಪದರ ಕಿತ್ತುಹೋಗಿ ಎದುರುಬದುರು ಗೋಡೆಗಳಲ್ಲಿ ಹಸಿ ಗಾಯವಾದರೆ ಎರಡೂ ಅಂಟಿಕೊಳ್ಳುತ್ತವೆ. ಬಿಸಿ ರೊಟ್ಟಿಯನ್ನು ಆರಲು ಬಿಡದೆ ಒಂದರ ಮೇಲೊಂದು ಪೇರಿಸಿದರೆ ಆಗುವ ಹಾಗೆ. ಇದಕ್ಕೆ ಆಶರ್ಮನ್ ಸಿಂಡ್ರೋಮ್ ಎನ್ನುತ್ತೇವೆ. ಹಿಸ್ಟರೋಸ್ಕೋಪ್ ಎಂಬ ಸಪೂರ ದುರ್ಬೀನು ಒಳಗೆ ಹಾಕಿ, ಪುಟ್ಟ ಕತ್ತರಿಯಿಂದ ಅಂಟನ್ನು ಬಿಡಿಸಬಹುದು. ಬಿಡಿಸುವುದು ಕಷ್ಟವಲ್ಲ. ಬಿಡಿಸಿದ್ದು ಮತ್ತೆ ಅಂಟದ ಹಾಗೆ ನೋಡಿಕೊಳ್ಳುವುದು ಕಷ್ಟ.

ಗಿರಿಜಾಳಿಗೆ ಬೇರೆ ಕಡೆ ಒಮ್ಮೆ ಬಿಡಿಸಿದ್ದರು, ಅಂಟಿಕೊಂಡಿತು. ನಾನೊಮ್ಮೆ ಬಿಡಿಸಿದೆ, ಅಂಟಿಕೊಂಡಿತು. ಮೂರನೆಯ ಸಲವೂ ಹಾಗೇ ಆದರೆ ಮತ್ತೆ ಬಿಡಿಸಲು ಆರೋಗ್ಯವಾದ ಪದರ ಉಳಿದಿರುವುದಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು. ಅವಳಿಗೂ ಮುಚ್ಚಿಟ್ಟಿರಲಿಲ್ಲ. ಆಗ ಅವಳು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಕೂಸು ಕುನ್ನಿ ಆಮ್ಯಾಲ ಇರ್ಲಿ ಡಾಕ್ಟ್ರಮ್ಮ. ಮದ್ಲು ನಾನು ಎಲ್ಲಾರಂಗ ತಿಂಗಳಾ ತಿಂಗಳಾ ಹೆಂಗಸಾಗಬೇಕು." ಅವಳಿಗೆ ಆಗ ಇಪ್ಪತ್ತೊಂಬತ್ತು.

ನನ್ನ ಹಳೆಯ ವಿದ್ಯಾರ್ಥಿನಿ ನಂದಿನಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದಳು. ಅವಳ ತಂಡ ಒಂದು ಜೆಲ್ ತಯಾರಿಸುತ್ತಿತ್ತು. ಮಾಸಿಗೆ ಅಂಟಿಕೊಂಡು, ಹೊಟ್ಟೆಯೊಳಗೆ ಮಗುವಿಗೆ ತೀರಾ ಹತ್ತಿರವಾಗಿ ಒಂದು ತೆಳುವಾದ ಪೊರೆ ಇರುತ್ತದೆ, ಆಮ್ನಿಯಾನ್ ಎಂದು ಅದರ ಹೆಸರು. ಅದರಲ್ಲಿರುವ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಒಣಗಿಸಿ, ಪುಡಿ ಮಾಡಿ ಜೆಲ್ ಮಾಡುತ್ತಾರೆ. ತಣ್ಣಗಿದ್ದಾಗ ನೀರಿನಂತೆ ಹರಿಯುತ್ತದೆ, ಮೈ ಬಿಸಿ ತಾಗಿದರೆ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಅಂಟು ಬಿಡಿಸಿದ ಕೂಡಲೇ ಒಳಗೆ ತುಂಬಿದರೆ ಗಾಯ ಮಾಯುವವರೆಗೆ ಗೋಡೆಗಳನ್ನು ದೂರ ಇಟ್ಟೀತು, ಹೊಸ ಪದರ ಬೆಳೆಯಲು ನೆರವಾದೀತು ಎಂಬುದು ಆಸೆ. ಆಸೆ ಎಂಬ ಶಬ್ದವನ್ನೇ ಬಳಸುತ್ತೇನೆ, ಏಕೆಂದರೆ ಅದಿನ್ನೂ ಪರೀಕ್ಷೆಯ ಹಂತದಲ್ಲಿತ್ತು. ನೈತಿಕ ಸಮಿತಿಯ ಒಪ್ಪಿಗೆ ಪಡೆದು ಕೆಲವೇ ಕಡೆ ಬಳಸುತ್ತಿದ್ದರು, ನಮಗೂ ಅನುಮತಿ ಸಿಕ್ಕಿತ್ತು.

ವೀರೇಶ, ಗಿರಿಜಾ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದೆ. ಫಲ ಖಚಿತವಿಲ್ಲ ಎಂದೆ. ಏನೇನು ತೊಂದರೆ ಆಗಬಹುದು ಎಂದೆ. ಬೇಡವೆಂದರೂ ಉಳಿದ ಚಿಕಿತ್ಸೆಯಲ್ಲಿ ಕೊರತೆ ಮಾಡುವುದಿಲ್ಲ ಎಂದೆ. "ಇದನ್ನು ಅಂಗಾಂಶದಿಂದ ಮಾಡುತ್ತಾರೆ" ಎಂದಾಗ ಇಬ್ಬರೂ ನನ್ನ ಮುಖ ನೋಡಿದರು. ಅಂಗಾಂಶ ಎಂಬುದು ಪಠ್ಯಪುಸ್ತಕದ ಹೊರಗೆ ಯಾರೂ ಆಡದ ಮಾತು. ಅದಕ್ಕೆ, "ಟಿಶ್ಯೂ. ಟಿಶ್ಯೂದಿಂದ ಮಾಡಿದ್ದು" ಎಂದೆ.

ವೀರೇಶನ ಮುಖ ಅರಳಿತು. "ಟಿಶ್ಯೂ ಅಲ್ರಿ ಮ್ಯಾಡಂ? ಗೊತ್ತೈತ್ರಿ, ಗೊತ್ತೈತಿ. ನಮ್ಮಲ್ಲೂ ಹಾಕೀವ್ರಿ. ಭಾಳ ಛಲೋ ಬಂದೈತಿ."

ಅಲ್ಲೇ ನಾನು ನಿಲ್ಲಿಸಿ ಕೇಳಬೇಕಿತ್ತು. ಮನೆಯಲ್ಲಿ ಯಾರಿಗೋ ಸುಟ್ಟ ಗಾಯಕ್ಕೆ ಚರ್ಮ ಹಾಕಿಸಿರಬಹುದು ಎಂದುಕೊಂಡೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಒಬ್ಬ ಬಸುರಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದರು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಬೆಂಗಳೂರಿನ ರೈಲಿನಲ್ಲಿ ಐಸ್ ಪೆಟ್ಟಿಗೆ ಬಂತು. ನಮ್ಮ ಡ್ರೈವರ್ ಅದನ್ನು ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದ, ಏಕೆಂದರೆ ಆಸ್ಪತ್ರೆಯ ಕಾರು ಅಂದೇ ಕೆಟ್ಟಿತ್ತು. ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿಸಿದೆ. ಮರುದಿನ ಮಧ್ಯಾಹ್ನದೊಳಗೆ ಬಳಸದಿದ್ದರೆ ಅದು ಕೆಲಸಕ್ಕೆ ಬಾರದು. ಇನ್ನೊಂದು ಡೋಸ್ ಯಾವಾಗ ತಯಾರಾದೀತೋ ನಂದಿನಿಗೂ ತಿಳಿಯದು. ಗಿರಿಜಾ ಅತ್ತೆಯ ಜೊತೆ ಬಂದು ಭರ್ತಿಯಾದಳು. ನಾನು ಎಂದಿನಂತೆ ಎಲ್ಲರ ಮೇಲೂ ಹರಿಹಾಯುತ್ತ ಓಡಾಡುತ್ತಿದ್ದೆ.

ಮಧ್ಯಾಹ್ನ ಹುಲಿಗೆಮ್ಮ ನಗು ತಡೆದುಕೊಳ್ಳುತ್ತ ನನ್ನ ಕೋಣೆಗೆ ಬಂದಳು. "ಮ್ಯಾಡಂ, ಕಂಪ್ಲಿ ಅತ್ತಿಯವ್ರು ವಾರ್ಡಿನಾಗ ಎಲ್ಲಾರಿಗೂ ಪಾಠ ಹೇಳಾಕತ್ಯಾರ್ರಿ. ಬಾಳಿದಿಂಡಿನ ಔಷಧ ಭಾಳ ತಂಪಂತ, ಗರ್ಭಚೀಲಕ್ಕ ಅದರಷ್ಟು ಛಲೋದು ಮತ್ತೊಂದಿಲ್ಲಂತ."

"ಬಾಳೆದಿಂಡಿನ ಔಷಧವೇ? ಆಪರೇಷನ್ ಮುಂದಿರುವಾಗ ಅದನ್ನು ಯಾರು ಕೊಟ್ಟರು ಅವಳಿಗೆ?" ಎಂದು ನಾನು ಎದ್ದೇಬಿಟ್ಟೆ.

"ನೀವಾ ಕೊಡ್ತೀರಂತಲ್ರಿ ನಾಳಿ. ಟಿಶ್ಯೂದ್ದು."

ಎದ್ದವಳು ಮತ್ತೆ ಕೂತೆ. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಹೊಸಪೇಟೆ, ಕಂಪ್ಲಿಯ ಕಾಲುವೆ ನೀರಿನ ಹೊಲಗಳಲ್ಲಿ ಬಾಳೆ ಬೆಳೆಯುತ್ತಾರೆ. ಲ್ಯಾಬಿನಲ್ಲಿ ಟಿಶ್ಯೂ ಕಲ್ಚರ್ ಮಾಡಿ ಬೆಳೆಸಿದ ಸಸಿಗೆ ಟಿಶ್ಯೂ ಬಾಳೆ ಎಂದು ಹೆಸರು. ಆಡುವ ಬಾಯಲ್ಲಿ ಬಾಳೆ ಬಿದ್ದುಹೋಗಿ ಬರೀ ಟಿಶ್ಯೂ ಉಳಿದಿದೆ. "ಎರಡು ಎಕರೆ ಟಿಶ್ಯೂ ಹಾಕೀನಿ" ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ವೀರೇಶ "ನಮ್ಮಲ್ಲೂ ಹಾಕೀವ್ರಿ" ಎಂದದ್ದು ಹೊಲದ ಮಾತು. ನಾನು ಹೆಂಗಸಿನ ಗರ್ಭಕೋಶದ ಬಗ್ಗೆ ಹೇಳುತ್ತಿದ್ದೆ, ಅವನು ಬಾಳೆಗೊನೆ ಕಾಣುತ್ತಿದ್ದ. ಮೂವತ್ತು ವರ್ಷ ಈ ಊರ ಅನ್ನ ತಿಂದ ನನಗೆ ಅಷ್ಟು ಹೊಳೆಯಲಿಲ್ಲ!

ನನ್ನ ಮುಖ ನೋಡಿ ಹುಲಿಗೆಮ್ಮನ ನಗು ಇಂಗಿತು. ವಿಷಯ ಹೇಳಿದೆ. ಆಕೆ ಬಾಗಿಲು ಹಾಕಿ, "ಸಹಿ ಆಗೈತಲ್ರಿ ಮ್ಯಾಡಂ. ಈಗ ಬಿಡಿಸಿ ಹೇಳಿ, ಅವ್ರು ಒಲ್ಲೆ ಅಂದ್ರ? ಆ ಹುಡುಗಿ ಗತಿ ಏನು?" ಎಂದಳು.

ನಾನು ಆಕೆಯನ್ನು ಗದರಿಸಿದೆ. ಆದರೆ ಅದೇ ಮಾತು ನನ್ನೊಳಗೂ ಎದ್ದಿತ್ತು. ಸುಮ್ಮನಿದ್ದುಬಿಟ್ಟರೆ ನಾಳೆ ಕೆಲಸ ಮುಗಿಯುತ್ತದೆ. ಅವಳಿಗೆ ಗುಣವಾದರೆ ಅವರು ಬಾಳೆಗೆ ಕೈಮುಗಿಯಲಿ, ನನ್ನದೇನು ಗಂಟು ಹೋಗುತ್ತದೆ? ಆದರೆ ಅವರು ಒಪ್ಪಿದ್ದು ಬಾಳೆಗೆ. ಇನ್ನೊಬ್ಬ ಹೆಂಗಸಿನ ಮೈಯಿಂದ ಬಂದದ್ದನ್ನು ಗಿರಿಜಾಳ ಮೈಯೊಳಗೆ ಹಾಕಲು ನನಗೆ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ. ವೀರೇಶನಿಗೆ ಫೋನ್ ಮಾಡಿ ಕೂಡಲೇ ಬರಲು ಹೇಳಿದೆ. ಮಿಲ್ಲಿನ ಸದ್ದಿನಲ್ಲಿ ಅವನಿಗೆ "ಬಾ" ಎಂಬುದೊಂದೇ ಕೇಳಿಸಿತಂತೆ. ಹೆಂಡತಿಗೆ ಏನೋ ಆಯಿತೆಂದು ಬೆವರಿ ನೀರಾಗಿ ಬಂದ.

ವಾರ್ಡಿನ ಮೂಲೆಯ ಮಂಚದ ಸುತ್ತ ಪರದೆ ಎಳೆಸಿದೆ. ಗಿರಿಜಾ ಮಂಚದ ಮೇಲೆ, ಶಂಕ್ರಮ್ಮ ಸ್ಟೂಲಿನ ಮೇಲೆ, ವೀರೇಶ ನಿಂತುಕೊಂಡು. ಶಂಕ್ರಮ್ಮ, "ಕುಂದ್ರಿ ಡಾಕ್ಟ್ರಮ್ಮ, ಯಾಕ ಹಿಂಗ ಬಾಡೀರಿ?" ಎಂದು ಎದ್ದು ನನಗೇ ಸ್ಟೂಲು ಕೊಟ್ಟರು.

"ನನ್ನಿಂದ ಒಂದು ತಪ್ಪು ತಿಳಿವಳಿಕೆ ಆಗಿದೆ," ಎಂದೆ. "ನಾಳೆ ಹಾಕುವ ಔಷಧ ಬಾಳಿದಲ್ಲ. ಮಾಸದ್ದು."

ಬರೆಯುವಾಗ ಮಾಸು, ಇಲ್ಲಿಯವರ ಬಾಯಲ್ಲಿ ಮಾಸ. ವೀರೇಶ, "ಹೆರಿಗ್ಯಾಗ ಬೀಳತೈತಲ್ರಿ, ಆ ಮಾಸನ?" ಎಂದು ಕೇಳಿ, ಹೌದೆಂದ ಮೇಲೆ ಪರದೆಯ ಕಡೆ ಮುಖ ತಿರುಗಿಸಿದ. ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಶಂಕ್ರಮ್ಮ ಒಂದೇ ಮಾತು ಕೇಳಿದರು. "ಯಾರದ್ರಿ ಅದು?"

ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ, ಮಡಿಯ ತಕರಾರು ಬಂದೇ ಬರುತ್ತದೆ ಎಂದು ನಾನು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದೆ. ಅದನ್ನೇ ಒಪ್ಪಿಸಿದೆ. ಎಷ್ಟು ಸಲ ತೊಳೆಯುತ್ತಾರೆ, ಜೀವಕೋಶ ಹೇಗೆ ಉಳಿಯುವುದಿಲ್ಲ, ರೋಗಾಣು ಇಲ್ಲವೆಂದು ಹೇಗೆ ನೋಡುತ್ತಾರೆ, ಎಲ್ಲ. ಅವರು ಸಮಾಧಾನದಿಂದ ಕೇಳಿ, ತಲೆಯಾಡಿಸಿದರು.

"ಮಡಿಮೈಲಿಗಿ ಕೇಳಾಕತ್ತಿಲ್ಲವ್ವ ನಾನು. ಆ ಕೂಸು ಹೆಂಗೈತಿ ಅಂತ ಕೇಳಾಕತ್ತೀನಿ."

"ಯಾವ ಕೂಸು?"

"ಆ ಮಾಸ ಯಾವ ಕೂಸಿಂದೋ ಆ ಕೂಸು."

ಈ ಕಡೆಯ ಹಳೆಯ ಮನೆಗಳಲ್ಲಿ ಮಾಸನ್ನು ಎಸೆಯುವುದಿಲ್ಲ. ಹೊಸ ಗಡಿಗೆಯಲ್ಲಿಟ್ಟು, ಅರಿಶಿನ ಕುಂಕುಮ ಬೇವಿನೆಲೆ ಹಾಕಿ, ನಾಯಿ ಕೆದರದಷ್ಟು ಆಳದಲ್ಲಿ ಹಿತ್ತಲಲ್ಲಿ ಹೂಳುತ್ತಾರೆ. ಅದು ಮಣ್ಣಿನಲ್ಲಿ ಸುರಕ್ಷಿತವಾಗಿದ್ದರೆ ಮಗು ಸುರಕ್ಷಿತ. ಮಕ್ಕಳಿಲ್ಲದವಳ ಕೈಗೆ ಅದು ಸಿಕ್ಕಿತೋ, ಹುಟ್ಟಿದ ಮಗುವಿನ ಆಯುಷ್ಯ ಅವಳ ಕಡೆ ಹರಿದುಹೋಗುತ್ತದೆ ಎಂಬ ಹೆದರಿಕೆ. ನಮ್ಮ ಆಸ್ಪತ್ರೆಯಲ್ಲೂ ಮಾಸನ್ನು ಕೇಳಿ ಪಡೆದುಕೊಂಡು ಹೋಗುವವರಿದ್ದರು. ಕೇಳದಿದ್ದವರದು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗುತ್ತಿತ್ತು.

"ಇನ್ನೊಬ್ಬಾಕಿ ಕೂಸಿನ ಆಯುಷ್ಯ ಕಸಗೊಂಡು ನನ್ನ ಮನ್ಯಾಗ ತೊಟ್ಲ ಕಟ್ಟಬೇಕೇನ್ರಿ?" ಎಂದರು ಶಂಕ್ರಮ್ಮ. ದನಿ ಏರಿರಲಿಲ್ಲ. "ನಾಳಿ ನನ್ನ ಸೊಸಿ ಹಡದ್ರೂ, ಆ ಕೂಸಿನ ಮಾರಿ ನೋಡಿದಾಗೊಮ್ಮೆ ನನಗ ಇದಾ ನೆನಪಾಗತೈತಿ. ಅದನ್ನ ಹೆತ್ತಾಕಿನ್ನ ಒಂದು ಮಾತರ ಕೇಳ್ಯಾರೇನ್ರಿ ನಿಮ್ಮವ್ರು?"

ಮೂಢನಂಬಿಕೆ ಎಂಬ ಶಬ್ದ ನನ್ನ ನಾಲಿಗೆ ತುದಿಗೆ ಬಂದಿತ್ತು. ಸಿಟ್ಟೂ ಬಂದಿತ್ತು, ಏಕೆಂದರೆ ಫ್ರಿಜ್ಜಿನಲ್ಲಿದ್ದ ಜೆಲ್ಲಿನ ಗಡುವು ಹತ್ತಿರವಾಗುತ್ತಿತ್ತು. ಆದರೆ ಆ ಹೆಂಗಸು ತನ್ನ ಮನೆಗೆ ಕೇಡಾದೀತೆಂದು ಹೆದರಿರಲಿಲ್ಲ. ಕಂಡರಿಯದ ಯಾರದೋ ಮಗುವಿಗಾಗಿ, ತನ್ನ ಮನೆಗೆ ಬರಬಹುದಾದ ಮೊಮ್ಮಗುವನ್ನೇ ಬಿಟ್ಟುಕೊಡಲು ಕೂತಿದ್ದರು. ಅವರ ಎದುರು ಆ ಶಬ್ದ ಬಾಯಿಂದ ಹೊರಡಲಿಲ್ಲ. ಕೇಳಿದ್ದಾರೆ, ಸಿಸೇರಿಯನ್‌ಗೆ ಮುಂಚೆಯೇ ತಾಯಿಯನ್ನು ಕೇಳಿ ಒಪ್ಪಿಗೆ ಪಡೆದೇ ತೆಗೆದುಕೊಳ್ಳುತ್ತಾರೆ ಎಂದೆ. ಮಗು ಹೇಗಿದೆಯೋ ನನಗೆ ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಕಾರಿಡಾರಿಗೆ ಬಂದು ನಂದಿನಿಗೆ ಫೋನ್ ಮಾಡಿದೆ. "ಮೇಡಂ, ದಾನಿಯ ಹೆಸರು ನನಗೂ ಗೊತ್ತಿರೋದಿಲ್ಲ," ಎಂದಳು.

"ಹೆಸರು ಬೇಡ ತಾಯಿ. ಆಕೆಯ ಮಗು ಹೇಗಿದೆ, ಅಷ್ಟು ಹೇಳು."

"ಇದನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ ಮೇಡಂ," ಎಂದಳು. ಆಮೇಲೆ ಅವಳಿಗೇ ಒಂದು ದಾರಿ ಹೊಳೆಯಿತು. ಹೆರಿಗೆಯ ದಿನ ತಾಯಿಯ ರಕ್ತದಲ್ಲಿ ಸೋಂಕು ಕಾಣದಿದ್ದರೂ ಅದು ಆಗಷ್ಟೇ ತಗುಲಿದ್ದು ಇರಬಹುದು. ಅದಕ್ಕಾಗಿ ಪೊರೆಯನ್ನು ಬೇರೆ ಇಟ್ಟು, ತಿಂಗಳುಗಳ ನಂತರ ಅದೇ ತಾಯಿಯನ್ನು ಕರೆಸಿ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿದ ಮೇಲೆಯೇ ಅವರು ಅದನ್ನು ಬಳಸುತ್ತಿದ್ದರು. ಅಂದರೆ ಆ ತಾಯಿ ಮತ್ತೆ ಬಂದಿದ್ದಳು. "ರಕ್ತ ತೆಗೆದ ಟೆಕ್ನಿಶಿಯನ್ನನ್ನ ಕೇಳ್ತೀನಿ, ಡ್ಯೂಟಿಗೆ ಸಂಜೆ ಬರ್ತಾಳೆ," ಎಂದಳು ನಂದಿನಿ.

ಸಂಜೆಯವರೆಗೆ ನಾನು ಪಟ್ಟ ಪಾಡು ಆಪರೇಷನ್ ಟೇಬಲ್ಲಿನ ಮುಂದೆಯೂ ಪಟ್ಟಿಲ್ಲ. ಒಳ್ಳೆಯ ಸುದ್ದಿ ಬರದಿದ್ದರೆ ಜೆಲ್ ಇಲ್ಲದೆ ಅಂಟು ಬಿಡಿಸಬೇಕು, ಬಿಡಿಸಿದ್ದು ಮತ್ತೆ ಅಂಟುವುದನ್ನು ನೋಡುತ್ತ ಕೂರಬೇಕು. ಆ ಮಗುವಿಗೆ ನಿಜಕ್ಕೂ ಏನಾದರೂ ಆಗಿದ್ದರೆ? ಎಷ್ಟೋ ಕಾರಣಕ್ಕೆ ಮಕ್ಕಳಿಗೆ ಏನಾದರೂ ಆಗುತ್ತದೆ, ಜೆಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಶಂಕ್ರಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ. ಎರಡು ಸಲ ಫ್ರಿಜ್ಜಿನ ಬಾಗಿಲು ತೆರೆದು ನೋಡಿದೆ. ಮೂರನೆಯ ಸಲ ಹುಲಿಗೆಮ್ಮ ಕೀಲಿಯನ್ನೇ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಿರಿಜಾ ಒಬ್ಬಳೇ ಇದ್ದಾಗ ಹೋಗಿ ಮಂಚದ ಪಕ್ಕ ಕೂತೆ. "ನಿನಗೇನು ಅನ್ನಿಸುತ್ತೆ? ಮೈ ನಿನ್ನದು," ಎಂದೆ.

"ಅತ್ತಿ ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನ್ರಿ," ಎಂದಳು. "ಅವರಿಗಂಜಿ ಅಲ್ಲ. ನಂದೊಂದು ಕೂಸು ಹೋಗೈತಲ್ರಿ. ಇನ್ನೊಬ್ಬಾಕಿ ಹೊಟ್ಟಿ ಉರಿಸಿ ನನಗ ಬ್ಯಾಡ."

ನಾನು ಅವಳ ಕೈ ಹಿಡಿದು ಕೂತೆ. ಬೇಡ ಎಂದರೆ ಅವಳ ಆಸೆ ಅಲ್ಲಿಗೆ ಮುಗಿದಂತೆಯೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ನಾನು ಮೊದಲು ಕೇಳಿಸಿಕೊಂಡು ಆಮೇಲೆ ಹೇಳುವುದು ಬೇಡವೆನಿಸಿತು. ಮಂಚದ ಬಳಿ ಹೋಗಿ, ಎಲ್ಲರ ಎದುರಿಗೇ ಸ್ಪೀಕರ್ ಹಾಕಿದೆ.

"ಮೇಡಂ, ಆ ಸಲ ರಕ್ತ ಕೊಡೋಕೆ ಬಂದಿದ್ದ ತಾಯಿ ಒಬ್ಬರೇ. ಅದಕ್ಕೆ ಟೆಕ್ನಿಶಿಯನ್‌ಗೆ ಚೆನ್ನಾಗಿ ನೆನಪಿದೆ," ಎಂದಳು ನಂದಿನಿ. "ಮಗೂನ ಎತ್ತಿಕೊಂಡೇ ಬಂದಿದ್ದರಂತೆ. ಗುಂಡುಗುಂಡಗೆ ಇತ್ತಂತೆ. ರಕ್ತ ತೆಗೆಯೋವಾಗ ಇನ್ನೊಬ್ಬ ಹುಡುಗಿ ಮಗೂನ ಎತ್ತಿಕೊಂಡಳು. ಅವಳ ಐ.ಡಿ. ಕಾರ್ಡಿನ ದಾರ ಕಚ್ಚಿ ಬಿಡಲೇ ಇಲ್ಲವಂತೆ. ಆಗಲೇ ಎರಡು ಹಲ್ಲು ಬಂದಿದ್ದವು."

ಶಂಕ್ರಮ್ಮ ಫೋನಿನ ಹತ್ತಿರ ಬಗ್ಗಿದರು. "ಹಲ್ಲು ಮ್ಯಾಲ ಬಂದಾವೋ ಕೆಳಗ ಬಂದಾವೋ ಕೇಳ್ರಿ."

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎನ್ನುತ್ತಾರೆ. ಈ ಮಾತು ಬೆಂಗಳೂರಿನ ಲ್ಯಾಬಿನಲ್ಲಿ ಯಾರಿಗೂ ಗೊತ್ತಿರಲಾರದು. ನಂದಿನಿ ತಬ್ಬಿಬ್ಬಾಗಿ, ಪಕ್ಕದಲ್ಲಿದ್ದವಳನ್ನು ಕೇಳಿ, "ಕೆಳಗೆ" ಎಂದಳು.

"ಹಂಗಾದ್ರ ಬೇಷ್ ಆತು," ಎಂದು ಶಂಕ್ರಮ್ಮ ಉಸಿರು ಬಿಟ್ಟು ಕೂತರು. ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿ, "ನಂದು ಮುಗೀತವ್ವ. ಇನ್ನ ನಿನ್ನ ಹೊಟ್ಟಿ, ನೀನಾ ಹೇಳು," ಎಂದರು.

ಗಿರಿಜಾ ಗಂಡನ ಮುಖ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. ನನ್ನನ್ನೇ ನೋಡಿ ಹೇಳಿದಳು. "ಹಾಕ್ರಿ ಡಾಕ್ಟ್ರಮ್ಮ. ಆದ್ರ ಯಾರರ ಕೇಳಿದ್ರ ಬಾಳಿದು ಅಂತ ಹೇಳಬ್ಯಾಡ್ರಿ. ಒಬ್ಬಾಕಿ ಕೊಟ್ಟಾಳ ಅಂತ ಹೇಳ್ರಿ."

ಹಳೆಯ ಸಹಿಯನ್ನು ರದ್ದು ಮಾಡಿ, ಹೊಸದಾಗಿ ಬರೆಸಿದೆ. ಈ ಸಲ ನಾನು ವಿವರಿಸಲಿಲ್ಲ, ಅವರೇ ನನಗೆ ವಿವರಿಸಬೇಕೆಂದು ಹಟ ಹಿಡಿದೆ. ವೀರೇಶ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತು, ಮಾಸ ಎಂಬಲ್ಲಿ ಒಮ್ಮೆ ತಡವರಿಸಿ, ಪೂರ್ತಿ ಒಪ್ಪಿಸಿದ.

ಮರುದಿನದ ಆಪರೇಷನ್ ಹೊರಗಿನವರಿಗೆ ಸಪ್ಪೆಯಾಗಿ ಕಂಡೀತು. ದುರ್ಬೀನಿನ ತುದಿಯ ಕ್ಯಾಮೆರಾ ಪರದೆಯ ಮೇಲೆ ಬಿಳಿಯ ನಾರಿನಂಥ ಗೋಡೆ ತೋರಿಸುತ್ತಿತ್ತು. ಒಳಗೆ ಜಾಗವೇ ಇಲ್ಲ, ಒಂದು ಕಿರಿದಾದ ಸಂದು ಅಷ್ಟೇ. ವಿದ್ಯುತ್ ಉಪಕರಣ ಬಳಸಿದರೆ ಉಳಿದ ಪದರವೂ ಸುಟ್ಟೀತೆಂದು ಬರೀ ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸುತ್ತ ಹೋದೆ. ಒಂದು ಕಡೆ ದಾರಿ ತಪ್ಪಿತು ಎನಿಸಿ ಕೈ ನಿಂತಿತು. ಇನ್ನೊಂದು ಕೂದಲೆಳೆ ಮುಂದೆ ಹೋದರೆ ಗರ್ಭಕೋಶವೇ ತೂತಾಗುತ್ತದೆ. ಹಿಂದೆ ಸರಿದು, ಮೇಲಿನಿಂದ ಸ್ಕ್ಯಾನ್ ಹಿಡಿಸಿ, ಬೇರೆ ಕಡೆಯಿಂದ ಬಿಡಿಸಿದೆ. ಕೊನೆಗೆ ಎರಡೂ ಮೂಲೆಯಲ್ಲಿ ಗರ್ಭನಾಳಗಳ ಬಾಯಿಗಳು ಕಂಡವು, ಅಂದರೆ ಜಾಗ ಪೂರ್ತಿ ತೆರೆದಿತ್ತು. ಹುಲಿಗೆಮ್ಮ ಸೊಂಟದ ಕೀಲಿ ತೆಗೆದು ಫ್ರಿಜ್ಜಿನಿಂದ ತಣ್ಣಗಿನ ಸಿರಿಂಜ್ ತಂದಳು. ಒಳಗಿದ್ದದ್ದು ಎರಡು ಚಮಚವೂ ಇರಲಾರದು. ಸಪೂರ ನಳಿಗೆಯಿಂದ ನಿಧಾನವಾಗಿ ತುಂಬಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ, ಹಾರ್ಮೋನ್ ಮಾತ್ರೆ ಬರೆದುಕೊಟ್ಟು ಕಾಯುವುದಷ್ಟೇ.

ಕಾಯುವುದು ನನ್ನಿಂದ ಆಗದ ಕೆಲಸ. ಕಂಪ್ಲಿಯ ಬಸ್ಸು ಕಂಡರೂ ಗಿರಿಜಾ ಇಳಿಯುತ್ತಾಳೇನೋ ಎಂದು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಹೊರರೋಗಿಗಳನ್ನು ನೋಡುತ್ತಿದ್ದಾಗ ವೀರೇಶನ ಫೋನ್. ಹಿಂದೆ ಮಿಲ್ಲಿನ ಸದ್ದು. ಏನೋ ಹೇಳಿದ, ಕೇಳಿಸಲಿಲ್ಲ. ಜೋರಾಗಿ ಹೇಳು ಎಂದೆ. ಪಾಪ, ಸಂಕೋಚದ ಹುಡುಗ, ಹಮಾಲರೆಲ್ಲ ಕೇಳುವ ಹಾಗೆ ಕೂಗಿದ: "ಗಿರಿಜಾ ಹೊರಗಾಗ್ಯಾಳ್ರಿ ಮ್ಯಾಡಂ!" ಕೊನೆಗೂ ಮುಟ್ಟು! ನಾನು ಕುರ್ಚಿಯಿಂದ ಎದ್ದುನಿಂತು ನಕ್ಕೆ. ಎದುರಿಗಿದ್ದ ರೋಗಿ, ಡಾಕ್ಟರಿಗೆ ಏನಾಯಿತೋ ಎಂದು ಹೆದರಿದಳು.

ಜೆಲ್ಲಿನಿಂದಲೇ ಆಯಿತು ಎಂದು ನಾನು ಹೇಳಲಾರೆ. ಕತ್ತರಿಯ ಜಾಗರೂಕತೆ ಇರಬಹುದು, ಮಾತ್ರೆ ಇರಬಹುದು, ಅವಳ ಮೈಯ ಗುಣವೇ ಇರಬಹುದು. ಒಂದು ಕೇಸಿನಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನಂದಿನಿಗೆ ಕಲಿಸಿದವಳೇ ನಾನು. ಆದರೆ ಮುಂದಿನ ಪರೀಕ್ಷೆಯಲ್ಲಿ ಒಳಗಿನ ಜಾಗ ತೆರೆದೇ ಇತ್ತು. ಮರುವರ್ಷ ಗಿರಿಜಾ ಬಸುರಿಯಾದಳು.

ಅಲ್ಲಿಗೆ ನೆಮ್ಮದಿ ಎಂದರೆ ಅದೂ ಇಲ್ಲ. ಹೀಗೆ ಗಾಯಗೊಂಡ ಗರ್ಭಕೋಶದಲ್ಲಿ ಮಾಸು ಗೋಡೆಯ ಒಳಕ್ಕೇ ಬೇರು ಬಿಡಬಹುದು. ಹೆರಿಗೆಯಲ್ಲಿ ಅದು ಕಳಚದೆ ರಕ್ತ ಹರಿದರೆ ತಾಯಿಯ ಜೀವಕ್ಕೇ ಸಂಚಕಾರ. ಒಂಬತ್ತು ತಿಂಗಳೂ ನಾನು ಮಗುವಿಗಿಂತ ಮಾಸನ್ನೇ ಸ್ಕ್ಯಾನ್‌ನಲ್ಲಿ ಹುಡುಕಿದೆ. ಬಳ್ಳಾರಿಯಿಂದ ರಕ್ತ ತರಿಸಿಟ್ಟುಕೊಂಡು ಸಿಸೇರಿಯನ್ ಮಾಡಿದೆ. ಮಗು ಅತ್ತಿತು. ಮಾಸು ಒಂದು ಮೂಲೆಯಲ್ಲಿ ಬಿಡಲೊಲ್ಲೆ ಎಂದು ಹಿಡಿದು ನಿಂತಿತು. ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿದಾಗ ಇಡಿಯಾಗಿ ಕೈಗೆ ಬಂತು. ತಟ್ಟೆಯಲ್ಲಿ ಹರಡಿ, ಒಂದು ಚೂರೂ ಕಡಿಮೆಯಿಲ್ಲವೆಂದು ಎರಡು ಸಲ ನೋಡಿದೆ.

ಬಾಗಿಲು ತೆರೆದಾಗ ಶಂಕ್ರಮ್ಮ ಎದ್ದು ಬಂದರು. ಆ ಬಾಗಿಲಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೇಳದ ಮೊದಲ ಮನುಷ್ಯರು ಅವರು. "ಮಾಸ ಪೂರ್ತಿ ಬಂತೇನ್ರಿ?" ಎಂದರು. ಬಂತು ಎಂದೆ. ಆಮೇಲೆ ನಾನೇ ಹೇಳಬೇಕಾಯಿತು, ಹೆಣ್ಣು ಮಗು ಎಂದು.

ಮನೆಗೆ ಹೊರಡುವ ದಿನ ಅವರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಒಂದು ತಟ್ಟೆ. ತಮ್ಮ ಮಿಲ್ಲಿನ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಹಸಿರು ಕುಪ್ಪಸದ ಬಟ್ಟೆ. "ಆಕಿ ಹೆಸರು ಊರು ಹೇಳ್ರಿ," ಎಂದರು. "ಹೋಗಿ ಉಡಿ ತುಂಬಿ ಬರ್ತೀನಿ. ಬೆಂಗಳೂರಾದ್ರೂ ಹೋಗ್ತೀನಿ."

"ಯಾರಿಗೂ ಗೊತ್ತಿಲ್ಲಮ್ಮ. ಹೇಳುವ ಹಾಗೂ ಇಲ್ಲ. ಅದು ನಿಯಮ."

ಅವರು ತಟ್ಟೆಯನ್ನು ನನ್ನ ಕಡೆ ಚಾಚಿದರು. "ಹಂಗಾದ್ರ ಆಕಿ ಪಾಲಿಂದು ನೀವು ಹಿಡೀರಿ."

ನಾನು ಹಿಂದೆ ಸರಿದೆ. ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಯಾವ ಮನೆಯಲ್ಲೂ ಯಾರೂ ನನಗೆ ಉಡಿ ತುಂಬಿರಲಿಲ್ಲ. ಕುಂಕುಮದ ತಟ್ಟೆ ಬಂದಾಗ ನಾನಾಗಿಯೇ ಫೋನ್ ಬಂದಂತೆ ನಟಿಸಿ ಎದ್ದುಹೋಗುವುದು ರೂಢಿಯಾಗಿತ್ತು. "ನನಗೆ ತುಂಬುವ ಹಾಗಿಲ್ಲವಲ್ಲ, ನಿಮಗೇ ಗೊತ್ತು," ಎಂದೆ.

"ಗೊತ್ತೈತ್ರಿ," ಎಂದರು ಶಂಕ್ರಮ್ಮ. "ನಿಮಗಲ್ರಿ ಇದು. ಆಕಿ ಉಡಿ. ಹಿಡೀರಿ."

ಸೆರಗಿರಲಿಲ್ಲ. ಬಿಳಿ ಕೋಟಿನ ಎರಡು ತುದಿ ಎತ್ತಿ ಹಿಡಿದೆ. ಅವರು ಬೊಗಸೆ ಬೊಗಸೆ ಅಕ್ಕಿ ಹಾಕಿದರು, ಅದರ ಮೇಲೆ ಕೊಬ್ಬರಿ, ಉತ್ತತ್ತಿ, ಬಟ್ಟೆ. ನಾನು ಅತ್ತುಬಿಟ್ಟೆ. ಅವರೂ ಅತ್ತರು.

ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ಹೆಂಗಸರ ಮೈಯೊಳಗೆ ಏನೇನೋ ಇಟ್ಟಿದ್ದೇನೆ, ಯಾರು ಯಾರದೋ ರಕ್ತ ಏರಿಸಿದ್ದೇನೆ. ಕೊಟ್ಟವರು ನನಗೆ ಪೊಟ್ಟಣದ ಮೇಲಿನ ಒಂದು ನಂಬರ್ ಆಗಿದ್ದರು. ಔಷಧದಿಂದ ಗುಣವಾಗುತ್ತದೆಯೇ ಎಂದು ಹೇಳುವ ಮುಂಚೆ ಅದು ಎಲ್ಲಿಂದ ಬಂತು ಎಂದು ಹೇಳಬೇಕು, ಅವರ ಮನೆಯ ಮಾತಿನಲ್ಲಿ ಹೇಳಬೇಕು. ನಿವೃತ್ತಿಯಾಗುವವರೆಗೆ ಹಾಗೇ ನಡೆದುಕೊಂಡೆ. ಆ ದಿನ ಮಾತ್ರ ಆ ಅಕ್ಕಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮನೆಗೆ ಒಯ್ಯಲು ಅದು ನನ್ನದಲ್ಲ. ಕೊನೆಗೆ ಹುಲಿಗೆಮ್ಮನಿಗೆ ಹೇಳಿ ಅದರಲ್ಲೇ ಪಾಯಸ ಮಾಡಿಸಿ, ಮೇಲಿನ ಮಹಡಿಯ ಬಾಣಂತಿಯರಿಗೆಲ್ಲ ನಾನೇ ನಿಂತು ಬಡಿಸಿದೆ. ಅವರಲ್ಲಿ ಯಾರು ಬೇಕಾದರೂ ಮಾಸು ಕೊಟ್ಟ ಆಕೆ ಆಗಿರಬಹುದಿತ್ತು.